ಮೀಟರ್ ದೀಪ

ಮೀಟರ್ ದೀಪವು ಹಳೆಯ ವಿದ್ಯುನ್ಮಾನ ಪರೀಕ್ಷಾ ಉಪಕರಣಗಳಲ್ಲಿ ಮುಳ್ಳಿನ ಮೀಟರಿನ ಅಳತೆಫಲಕವನ್ನು ಬೆಳಗಿಸುವ ಚಿಕ್ಕ ತಂತು ದೀಪ. ವೋಲ್ಟ್‌ಮೀಟರ್, ಸಂಕೇತ ಉತ್ಪಾದಕ ಮುಂತಾದವುಗಳಲ್ಲಿ ಇದನ್ನು ಕಾಣಬಹುದು. ಸಾಮಾನ್ಯವಾಗಿ ದೀಪ ಸುಟ್ಟುಹೋದರೂ ಮಾಪನ ನಿಲ್ಲುವುದಿಲ್ಲ. ಆದರೆ ಹೊಂದದ ದೀಪವನ್ನು ಹಾಕಿದರೆ ಉಪಕರಣವೇ ಕೆಡಬಹುದು.

ಬಾಳಿಕೆ

ನಿರ್ವಾತ ನಳಿಕೆಗಳ ಉಪಕರಣಗಳಲ್ಲಿ ಈ ದೀಪಕ್ಕೆ ನಳಿಕೆಗಳ ತಂತುವನ್ನು ಕಾಯಿಸುವ 6.3 ವೋಲ್ಟ್ ಸುರುಳಿಯಿಂದಲೇ ವಿದ್ಯುತ್ ದೊರೆಯುತ್ತದೆ. ತಂತು ದೀಪದ ಆಯುಷ್ಯವು ವೋಲ್ಟೇಜಿನ ಸುಮಾರು 12ನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಆದ್ದರಿಂದ 220 ವೋಲ್ಟಿಗೆ ಹೊಂದಿಸಿದ ಉಪಕರಣವನ್ನು 240 ವೋಲ್ಟಿನಲ್ಲಿ ನಡೆಸಿದರೆ ದೀಪದ ಆಯುಷ್ಯ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಆಯ್ಕೆ

ಬದಲಿ ದೀಪದ ವೋಲ್ಟೇಜ್, ವಿದ್ಯುತ್ ಪ್ರವಾಹ, ಬುಡದ ಮಾದರಿ ಮತ್ತು ಗಾಜಿನ ಗಾತ್ರ ಮೂಲ ದೀಪದಂತೆಯೇ ಇರಬೇಕು. 47ನೆಯ ಸಂಖ್ಯೆಯ ದೀಪಕ್ಕೆ 6.3 ವೋಲ್ಟ್, 0.15 ಆಂಪಿಯರ್ ಬೇಕು. ಅದೇ ಬುಡದ 44ನೆಯ ಸಂಖ್ಯೆಯ ದೀಪಕ್ಕೆ 0.25 ಆಂಪಿಯರ್ ಬೇಕು. ಎರಡನೆಯದು ಹೆಚ್ಚು ಶಾಖ ಹೊರಸೂಸುವುದರಿಂದ ಪ್ಲಾಸ್ಟಿಕ್ ಭಾಗ ಬಣ್ಣಗೆಡಬಹುದು ಅಥವಾ ಸೊಟ್ಟಗಾಗಬಹುದು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (1948) ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ (1954) ಸ್ಥಾಪನೆಯಾದ ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯು ವಿದ್ಯುನ್ಮಾನ ಬಿಡಿಭಾಗಗಳ ಪ್ರಮುಖ ಮಾರುಕಟ್ಟೆಯಾಗಿದೆ.

ಬದಲಿಸುವ ಕ್ರಮ

ಮೊದಲು ಪ್ಲಗ್ಗನ್ನು ಗೋಡೆಯಿಂದ ಕಳಚಬೇಕು. ಸ್ವಿಚ್ ಆರಿಸಿದರಷ್ಟೇ ಸಾಲದು. ನಳಿಕೆಗಳ ಉಪಕರಣಗಳ ಧಾರಕಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದಾದ್ದರಿಂದ ಅವನ್ನು ಸೂಕ್ತ ರೋಧಕದ ಮೂಲಕ ಬರಿದುಮಾಡಿ, ಮೀಟರಿನಿಂದ ಪರೀಕ್ಷಿಸಬೇಕು. ಬೆರಳಿಗೆ ಎಟುಕದ ದೀಪವನ್ನು ಸರಿಯಳತೆಯ ರಬ್ಬರ್ ಕೊಳವೆಯಿಂದ ಹಿಡಿದು ತೆಗೆಯಬಹುದು. ಮೀಟರಿನ ಕವಚವನ್ನು ತೆರೆಯಲೇಬೇಕಾದರೆ ಸ್ಥಳವು ಶುಚಿಯಾಗಿರಬೇಕು: ಒಳಗಿನ ಕಾಂತವು ಕಬ್ಬಿಣದ ಹುಡಿಯನ್ನು ಸೆಳೆದುಕೊಂಡರೆ ಮುಳ್ಳು ಸಿಕ್ಕಿಕೊಳ್ಳುತ್ತದೆ. ಹೊಸ ದೀಪವೂ ಉರಿಯದಿದ್ದರೆ ಬುಡದ ತುಕ್ಕು, ಸಡಿಲ ಬೆಸುಗೆ ಮತ್ತು ತಂತಿಗಳನ್ನು ನೋಡಬೇಕು.

ಎಲ್‌ಇಡಿ ಬಳಕೆ

ಎಲ್‌ಇಡಿಯನ್ನು ನೇರವಾಗಿ 6.3 ವೋಲ್ಟಿಗೆ ಜೋಡಿಸಬಾರದು. ಪ್ರವಾಹವನ್ನು ಮಿತಿಗೊಳಿಸುವ ರೋಧಕ ಅಗತ್ಯ. 6.3 ವೋಲ್ಟ್ ಏಕಮುಖ ವಿದ್ಯುತ್ತಿನಲ್ಲಿ, ಸುಮಾರು 3 ವೋಲ್ಟಿನ ಬಿಳಿ ಎಲ್‌ಇಡಿಗೆ 330 ಓಮ್ ರೋಧಕವು ಸುಮಾರು 10 ಮಿಲಿಆಂಪಿಯರ್ ನೀಡುತ್ತದೆ. ಪರ್ಯಾಯ ವಿದ್ಯುತ್ತಿನಲ್ಲಿ 6.3 ವೋಲ್ಟಿನ ಶಿಖರ ಮೌಲ್ಯ ಸುಮಾರು 8.9 ವೋಲ್ಟ್, ಅನೇಕ ಎಲ್‌ಇಡಿಗಳ ಹಿಮ್ಮುಖ ಮಿತಿ 5 ವೋಲ್ಟ್ ಮಾತ್ರ. ಹೀಗಾಗಿ ಸೇತುವೆ ರೆಕ್ಟಿಫೈಯರ್ ಬಳಸಿ, ರೋಧಕದ ಮೌಲ್ಯವನ್ನು ಮತ್ತೆ ಲೆಕ್ಕಹಾಕಬೇಕು. ಹಳದಿ ಛಾಯೆಯ ಬಿಳಿ ಎಲ್‌ಇಡಿ ಮೂಲ ಬೆಳಕಿಗೆ ಹತ್ತಿರವಾಗಿರುತ್ತದೆ.

ಮಂಡಲದ ಭಾಗವಾದ ದೀಪಗಳು

ಉಪಕರಣದೊಳಗಿನ ಎಲ್ಲ ದೀಪಗಳೂ ಬೆಳಕಿಗಾಗಿ ಇರುವುದಿಲ್ಲ. 1939ರ ಹ್ಯೂಲೆಟ್-ಪ್ಯಾಕರ್ಡ್ 200ಎ ಶ್ರವ್ಯ ಆಂದೋಲಕದಲ್ಲಿ ಚಿಕ್ಕ ತಂತು ದೀಪವೊಂದು ಸಂಕೇತದ ಪಾರವನ್ನು ಸ್ಥಿರಗೊಳಿಸುತ್ತದೆ: ಸಂಕೇತ ಹೆಚ್ಚಿದಂತೆ ತಂತು ಕಾದು, ಅದರ ರೋಧ ಏರಿ, ವರ್ಧನೆ ತಗ್ಗುತ್ತದೆ. ಈ ಸ್ಥಾನದಲ್ಲಿ ಎಲ್‌ಇಡಿ ಇಟ್ಟರೆ ಉಪಕರಣ ಸರಿಯಾಗಿ ಕೆಲಸ ಮಾಡುವುದಿಲ್ಲ. ಆದುದರಿಂದ ದೀಪವನ್ನು ಬದಲಿಸುವ ಮುನ್ನ ಉಪಕರಣದ ಮಂಡಲ ನಕ್ಷೆಯಲ್ಲಿ ಅದರ ಕಾರ್ಯವನ್ನು ಗುರುತಿಸಿಕೊಳ್ಳುವುದು ಅಗತ್ಯ.