ಗೈರಿಂಗರ್ ಅಂದರೆ ಯಾರು?

ಸ್ಟೀಲ್ ಚಮಚವನ್ನು ಸ್ವಲ್ಪ ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತೆ. ಜೋರಾಗಿ ಬಗ್ಗಿಸಿದರೆ ಹಾಗೇ ಉಳಿಯುತ್ತೆ, ಯಾಕಂದ್ರೆ ಒಳಗೆ ಲೋಹ ಜಾರಿರುತ್ತೆ. ಹೀಗೆ ಜಾರುವ ದಿಕ್ಕನ್ನು ತೋರಿಸುವ ಗೆರೆಗಳಿಗೆ ಇಂಜಿನಿಯರಿಂಗ್‌ನಲ್ಲಿ ಸ್ಲಿಪ್ ಲೈನ್ ಅಂತಾರೆ. ಆ ಗೆರೆಗಳ ಉದ್ದಕ್ಕೂ ಲೋಹದ ವೇಗ ಹೇಗೆ ಬದಲಾಗುತ್ತೆ ಅನ್ನುವುದನ್ನು 1930ರಲ್ಲಿ ಎರಡೇ ಸಮೀಕರಣಗಳಲ್ಲಿ ಹೇಳಿದವರು ಹಿಲ್ಡಾ ಗೈರಿಂಗರ್. ಪರೀಕ್ಷೆಗೆ 'ಗೈರಿಂಗರ್ ಸಮೀಕರಣ' ಬಾಯಿಪಾಠ ಮಾಡಿದ್ದ ನನಗೆ ಅದು ಒಬ್ಬ ಮಹಿಳೆಯ ಹೆಸರು ಅಂತಾನೇ ಗೊತ್ತಿರಲಿಲ್ಲ!

1893ರಲ್ಲಿ ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಹಿಲ್ಡಾ, ಅಲ್ಲೇ ಗಣಿತದಲ್ಲಿ ಡಾಕ್ಟರೇಟ್ ಪಡೆದರು. 1921ರಲ್ಲಿ ಬರ್ಲಿನ್‌ಗೆ ಬಂದು, ಅನ್ವಯಿಕ ಗಣಿತದ ಪ್ರೊಫೆಸರ್ ರಿಚರ್ಡ್ ಫಾನ್ ಮೀಸೆಸ್ ಅವರ ಸಹಾಯಕಿಯಾದರು. ತಾವೂ ಪ್ರೊಫೆಸರ್ ಆಗುವ ಹಂತದಲ್ಲಿದ್ದಾಗ, 1933ರಲ್ಲಿ ನಾಜಿ ಸರ್ಕಾರ ಕೆಲಸದಿಂದ ತೆಗೆಯಿತು. ಚಿಕ್ಕ ಮಗಳನ್ನು ಕರೆದುಕೊಂಡು ಮೊದಲು ಬ್ರಸೆಲ್ಸ್, ಆಮೇಲೆ ಇಸ್ತಾಂಬುಲ್‌ಗೆ ಹೋದರು. ಅಲ್ಲಿ ಟರ್ಕಿಶ್ ಕಲಿತು ಅದರಲ್ಲೇ ಪಾಠ ಮಾಡಿದರು!

1939ರಲ್ಲಿ ಅಮೆರಿಕ ಸೇರಿದರು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಸಿಗಲಿಲ್ಲ. ಹೆಂಗಸು ಅನ್ನುವುದೂ ಒಂದು ಕಾರಣವಾಗಿತ್ತು. 1943ರಲ್ಲಿ ಮೀಸೆಸ್ ಅವರನ್ನು ಮದುವೆಯಾದರು. 1944ರಿಂದ 1959ರವರೆಗೆ ಮ್ಯಾಸಚೂಸೆಟ್ಸ್‌ನ ವೀಟನ್ ಎಂಬ ಸಣ್ಣ ಮಹಿಳಾ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಸಂಶೋಧನೆ ಮುಂದುವರಿಸಿದರು. 1953ರಲ್ಲಿ ಪತಿ ತೀರಿಕೊಂಡ ಮೇಲೆ ಅವರ ಅರ್ಧಕ್ಕೆ ನಿಂತ ಪುಸ್ತಕಗಳನ್ನೂ ಪೂರ್ತಿ ಮಾಡಿದರು. 1973ರಲ್ಲಿ ನಿಧನರಾದರು.

ಹೊಸ ದೇಶ, ಹೊಸ ಭಾಷೆ ಎಷ್ಟು ಕಷ್ಟ ಅಂತ ನಮಗೂ ಗೊತ್ತು. ಆದರೆ ನಾವು ಇಷ್ಟಪಟ್ಟು ಬಂದವರು, ರಜೆಗೆ ಊರಿಗೆ ಹೋಗಬಹುದು. ಹಿಲ್ಡಾ ಪ್ರಾಣ ಉಳಿಸಿಕೊಳ್ಳಲು ಹೊರಟವರು. ಮುಂದಿನ ಸಲ ಯಾವುದಾದರೂ ಸಮೀಕರಣಕ್ಕೆ ಹೆಸರಿದ್ದರೆ, ಆ ಹೆಸರು ಯಾರದು ಅಂತ ಒಮ್ಮೆ ಹುಡುಕಿ ನೋಡಿ.