ಕಿರಿಯ ಮಕ್ಕಳ ವಸ್ತುಪಾಠ: ಹಿರಿಯರು ನೆರವಾಗುವ ಬಗೆ

ನಮ್ಮ ಪಾಠಶಾಲೆಯ ಕಿರಿಯ ತರಗತಿಗಳಲ್ಲಿ ನಡೆಯುವ ವಸ್ತುಪಾಠದ ಸಂಗತಿ ಪಾಲಕರಿಗೆ ತಿಳಿದದ್ದೇ ಆಗಿದೆ. ಮಗುವು ಎಲೆಯನ್ನೋ ಕಾಯಿಯನ್ನೋ ಕಲ್ಲನ್ನೋ ತಂದು ಜೊತೆಯವರಿಗೆ ತೋರಿಸಿ, ಅದರ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ಹಿರಿಯರ ಕಣ್ಣಿಗೆ ಇದು ಅಲ್ಪ ಕಾರ್ಯ. ಆದರೆ ಐದಾರು ವರ್ಷದ ಮಗುವಿಗೆ ಇಡೀ ತರಗತಿಯ ಮುಂದೆ ಎದ್ದು ನಿಂತು, ತಾನು ಕಂಡದ್ದನ್ನು ತನ್ನ ಬಾಯಿಂದಲೇ ಹೇಳುವುದು ಅಲ್ಪವಾದುದಲ್ಲ. ಈ ಕಾರ್ಯದಲ್ಲಿ ಮನೆಯವರು ಎಷ್ಟು ನೆರವಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವಸ್ತುಪಾಠವೆಂಬುದು ಹೊಸ ಪದ್ಧತಿಯೇನಲ್ಲ. ಸ್ವಿಟ್ಜರ್ಲೆಂಡಿನ ಶಿಕ್ಷಣತಜ್ಞ ಪೆಸ್ಟಲೋಜಿ (೧೭೪೬–೧೮೨೭) ಮಗುವಿನ ಕಲಿಕೆಯು ಇಂದ್ರಿಯಾನುಭವದಿಂದ ಆರಂಭವಾಗಬೇಕೆಂದು ಬೋಧಿಸಿದನು. ಮೊದಲು ವಸ್ತು, ಆಮೇಲೆ ಮಾತು ಎಂಬುದೇ ಆ ಬೋಧೆಯ ಸಾರ. ಈ ಕ್ರಮವು ತಲೆಕೆಳಗಾದರೆ ಪಾಠದ ಹುರುಳೇ ಹೋಗುತ್ತದೆ.

ಅದು ತಲೆಕೆಳಗಾಗುವುದು ಅನೇಕವೇಳೆ ತಂದೆತಾಯಿಗಳ ಪ್ರೀತಿಯಿಂದಲೇ. ತಮ್ಮ ಮಗು ನಾಲ್ವರ ಮುಂದೆ ತಡವರಿಸಬಾರದೆಂದು ಅವರು ಹಿಂದಿನ ರಾತ್ರಿ ತಾವೇ ಭಾಷಣವನ್ನು ಬರೆದು ಬಾಯಿಪಾಠ ಮಾಡಿಸುತ್ತಾರೆ. ಮರುದಿನ ಮಗುವು ಕೈಯಲ್ಲಿರುವುದನ್ನು ಕಣ್ಣೆತ್ತಿಯೂ ನೋಡದೆ, "ಯೂಕಲಿಪ್ಟಸ್ ಮರವು ಮಿರ್ಟೇಸೀ ಕುಟುಂಬಕ್ಕೆ ಸೇರಿದುದಾಗಿದೆ" ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತದೆ. ನಡುವೆ ಒಂದು ಪದ ಮರೆತರೆ ಮುಗಿಯಿತು, ಕಣ್ಣಲ್ಲಿ ನೀರು. ಹೇಳಿದ್ದು ತಪ್ಪಲ್ಲ, ಆದರೆ ಅದು ಮಗುವಿನ ಮಾತಲ್ಲ. ತನ್ನ ಕಣ್ಣಿಗಿಂತ ದೊಡ್ಡವರ ಕಾಗದವೇ ಹೆಚ್ಚು ನಂಬತಕ್ಕದ್ದೆಂಬ ಪಾಠವನ್ನು ಆ ಮಗು ಅಂದು ಕಲಿತುಬಿಡುತ್ತದೆ. ಒಮ್ಮೆ ಬೇರೂರಿದ ಆ ಅಭ್ಯಾಸವನ್ನು ಮೇಲಿನ ತರಗತಿಗಳಲ್ಲಿ ಕಿತ್ತುಹಾಕುವುದು ಬಲು ಕಷ್ಟ.

ಹಿರಿಯರ ನೆರವು ಎಂತಹುದಿರಬೇಕೆಂಬುದಕ್ಕೆ ನಮ್ಮ ದೇಶದ ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರ (೧೮೯೬–೧೯೮೭) ಬಾಲ್ಯದಲ್ಲಿಯೇ ಒಂದು ನಿದರ್ಶನವಿದೆ. ೧೯೦೮ರ ಸುಮಾರಿನಲ್ಲಿ ಅವರು ಹೊಡೆದುರುಳಿಸಿದ ಗುಬ್ಬಿಯೊಂದರ ಕತ್ತಿನ ಮೇಲೆ ಹಳದಿಯ ಗುರುತು ಕಂಡಿತು. ಇದು ಯಾವ ಹಕ್ಕಿಯೆಂದು ತಿಳಿಯಲು ಬಾಲಕನು ಅದನ್ನು ಮುಂಬಯಿಯ ನಿಸರ್ಗ ಇತಿಹಾಸ ಸಂಘಕ್ಕೆ ಒಯ್ದನು. ಅಲ್ಲಿಯ ಕಾರ್ಯದರ್ಶಿ ಮಿಲ್ಲರ್ಡ್ ಅವರು ಹುಡುಗನೆಂದು ಅಲಕ್ಷಿಸದೆ, ಅದು ಹಳದಿ ಕತ್ತಿನ ಗುಬ್ಬಿಯೆಂದು ತಿಳಿಸಿ, ಸಂಘವು ಸಂಗ್ರಹಿಸಿಟ್ಟಿದ್ದ ಹಕ್ಕಿಗಳನ್ನು ತೋರಿಸಿದರು. ಹಕ್ಕಿಯನ್ನು ಹೊಡೆಯುವುದು ಇಂದು ಅನುಕರಣೀಯವಲ್ಲ. ನಾವು ಗಮನಿಸಬೇಕಾದುದು ಇಷ್ಟೇ: ವಸ್ತುವೂ ಪ್ರಶ್ನೆಯೂ ಬಾಲಕನವೇ ಆಗಿದ್ದವು, ಹಿರಿಯರು ಮಾಡಿದ್ದು ಆ ಪ್ರಶ್ನೆಗೆ ಮರ್ಯಾದೆ ಕೊಟ್ಟದ್ದು.

ಇನ್ನು ನಮ್ಮ ವೆಲ್ಲಿಂಗ್ಟನ್ನಿನ ವಿಷಯಕ್ಕೆ ಬರೋಣ. ಮೊದಲನೆಯ ಕೆಲಸ ವಸ್ತುವಿನ ಆಯ್ಕೆ. ಅದನ್ನು ಮಗುವೇ ಆರಿಸಲಿ. ಅದು ಅಂಗೈಯಲ್ಲಿ ಹಿಡಿಯುವಷ್ಟಿರಲಿ. ನೆಲಕ್ಕೆ ಬಿದ್ದುದಾಗಿರಲಿ, ಗಿಡದಿಂದ ಕಿತ್ತುದಾಗದಿರಲಿ. ಹಕ್ಕಿಯ ಗೂಡನ್ನಾಗಲಿ ಮೊಟ್ಟೆಯನ್ನಾಗಲಿ ಎಂದಿಗೂ ತರಕೂಡದು. ಕಾಡುಹಕ್ಕಿಗಳ ಗೂಡನ್ನು ಕೆಡಿಸುವುದನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ನಿಷೇಧಿಸಿದೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿಯು ೨೦೧೮ರಲ್ಲಿ ಅರಳಿತ್ತು. ೨೦೩೦ರಲ್ಲಿ ಮತ್ತೆ ಅರಳಿದಾಗ ಮಕ್ಕಳನ್ನು ಕರೆದೊಯ್ದು ತೋರಿಸಿರಿ, ಕೀಳಗೊಡಬೇಡಿರಿ. ಮುಟ್ಟಿದರೆ ಉರಿಯುವ ತುರಚಿಯನ್ನೂ, ವಿಷವುಳ್ಳ ಉಮ್ಮತ್ತಿ, ಕಣಗಿಲೆಗಳನ್ನೂ ಮಕ್ಕಳಿಗೆ ಮೊದಲೇ ಗುರುತು ಮಾಡಿಕೊಡುವುದು ಒಳ್ಳೆಯದು. ಚಹದ ತೋಟಗಳ ಅಂಚಿಗೆ ಕಾಟಿಯೂ ಕರಡಿಯೂ ಬರುವ ಊರು ನಮ್ಮದು. ಆದಕಾರಣ ಹುಡುಕಾಟಕ್ಕೆ ಮಗುವನ್ನು ಒಂಟಿಯಾಗಿ ಕಳುಹಿಸದೆ ಹಿರಿಯರೊಬ್ಬರು ಜೊತೆಗಿರಬೇಕು.

ಎರಡನೆಯ ಕೆಲಸ ನೋಡುವುದು. ಉದಾಹರಣೆಗೆ, ದಾರಿಯಲ್ಲಿ ಬಿದ್ದು ಕಾಲಿಗೆ ತಗಲುವ ನೀಲಗಿರಿ ಮರದ ಕಾಯಿಯನ್ನು ಮಗು ಆರಿಸಿತೆನ್ನೋಣ. ತಂದೆತಾಯಿಗಳು ಇಲ್ಲಿ ಉತ್ತರ ಕೊಡುವವರಾಗದೆ ಪ್ರಶ್ನೆ ಕೇಳುವವರಾಗಬೇಕು. "ಇದು ಯಾವುದರ ಹಾಗೆ ಕಾಣುತ್ತದೆ, ಮಗೂ?" ಒಂದು ಮಗು ಬುಗುರಿಯೆಂದೀತು, ಮತ್ತೊಂದು ಗುಂಡಿಯೆಂದೀತು; ಎರಡೂ ಸರಿಯೇ. "ಮುಟ್ಟಿದರೆ ಹೇಗಿದೆ?" ಗಡುಸಾಗಿದೆ, ಗಂಟುಗಂಟಾಗಿದೆ, ಮೈಯಲ್ಲಿ ಏಣುಗಳಿವೆ. "ಬೆರಳಿನಿಂದ ಉಜ್ಜಿದರೆ?" ಹೊಸ ಕಾಯಾದರೆ ಬೂದಿ ಬಳಿದಂತಿರುವ ಬಿಳುಪು ಅಳಿಸಿಹೋಗುತ್ತದೆ. "ಮೂಸಿದರೆ?" ಶೀತವಾದಾಗ ಅಜ್ಜಿ ಹಚ್ಚುವ ಎಣ್ಣೆಯ ವಾಸನೆ. "ತಲೆಯ ಮೇಲೇನಿದೆ?" ನಕ್ಷತ್ರದಂತಹ ಸೀಳು. ಬಲಿತ ಕಾಯನ್ನು ಬಿಳಿಯ ಕಾಗದದ ಮೇಲೆ ಒಂದೆರಡು ದಿನ ಒಣಗಲಿಟ್ಟರೆ ಆ ಸೀಳುಗಳು ಬಾಯ್ದೆರೆದು, ಬಲು ಸಣ್ಣವಾದ ಬೀಜಗಳು ಉದುರುತ್ತವೆ. ಅಷ್ಟು ಎತ್ತರದ ಮರ ಇಷ್ಟು ಸಣ್ಣ ಬೀಜದಲ್ಲಿತ್ತೇ ಎಂದು ಮಗು ತಾನಾಗಿಯೇ ಬೆರಗಾಗುತ್ತದೆ. ರುಚಿ ನೋಡುವುದನ್ನು ಮಾತ್ರ ಕಡ್ಡಾಯವಾಗಿ ತಡೆಯಬೇಕು. ನೀಲಗಿರಿ ಎಣ್ಣೆ ಮಕ್ಕಳ ಹೊಟ್ಟೆಗೆ ಹೋದರೆ ಪ್ರಾಣಾಪಾಯಕರ. ಸೀಸೆಯು ಅವರ ಕೈಗೆ ಎಟಕದಂತಿರಲಿ.

ಇಷ್ಟು ನೋಡಿದ ಮೇಲೆಯೇ ಹಿರಿಯರು ಒಂದೆರಡು ತಿಳುವಳಿಕೆಯ ಮಾತು ಸೇರಿಸಬಹುದು. ಮೊಗ್ಗಿನ ಮೇಲೆ ಮುಚ್ಚಳವೊಂದಿರುತ್ತದೆ. ಹೂವು ಅರಳುವಾಗ ಅದು ಕಳಚಿ ಬೀಳುತ್ತದೆ. ಯೂಕಲಿಪ್ಟಸ್ ಎಂಬ ಹೆಸರಿಗೆ ಗ್ರೀಕ್ ಮೂಲದಲ್ಲಿ "ಚೆನ್ನಾಗಿ ಮುಚ್ಚಲ್ಪಟ್ಟದ್ದು" ಎಂದೇ ಅರ್ಥ. ಕನ್ನಡ ನಾಡಿನಲ್ಲೆಲ್ಲ ಇದು ನಮ್ಮ ಬೆಟ್ಟದ ಹೆಸರಿನಿಂದಲೇ ಕರೆಯಲ್ಪಡುತ್ತದೆಯಾದರೂ ಈ ಮರ ಇಲ್ಲಿಯದಲ್ಲ. ಟಾಸ್ಮೇನಿಯಾ ಮತ್ತು ಆಸ್ಟ್ರೇಲಿಯಾದ ಆಗ್ನೇಯ ಭಾಗವೇ ಇದರ ತವರು. ೧೮೪೩ರ ಸುಮಾರಿನಲ್ಲಿ ಆಂಗ್ಲರು ಇದನ್ನು ಈ ಬೆಟ್ಟಗಳಿಗೆ ತಂದು ನೆಟ್ಟರು. ಮುಂದೆ ಸೌದೆಗಾಗಿ ತೋಪುಗಳನ್ನೇ ಬೆಳೆಸಿದರು. ಈ ಮರಗಳೂ ಚಹದ ತೋಟಗಳೂ ಹಬ್ಬಿದಂತೆ ಇಲ್ಲಿಯ ಶೋಲಾ ಕಾಡುಗಳೂ ಹುಲ್ಲುಗಾವಲುಗಳೂ ಕುಗ್ಗಿದವು. "ಈ ಮರ ಬರುವುದಕ್ಕೆ ಮುಂಚೆ ಇಲ್ಲಿ ಏನಿತ್ತು?" ಎಂದು ಸ್ವಲ್ಪ ದೊಡ್ಡ ಮಗು ಕೇಳಿದರೆ, ಒಂದು ಕಾಯಿ ಬೆಟ್ಟದ ಚರಿತ್ರೆಯನ್ನೇ ತೆರೆದಂತಾಯಿತು. ಆದರೆ ಇವೆಲ್ಲವನ್ನೂ ಆರು ವರ್ಷದ ಮಗುವಿನ ತಲೆಗೆ ತುರುಕಬೇಡಿರಿ. ಅದಕ್ಕೆ ಹಿಡಿಸಿದ ಒಂದು ಸಂಗತಿ ಸಾಕು.

ಮೂರನೆಯ ಕೆಲಸ ಹೇಳುವುದು. ಐದು ಸಣ್ಣ ವಾಕ್ಯಗಳು ಧಾರಾಳವಾಯಿತು: ಇದೇನು, ಎಲ್ಲಿ ಸಿಕ್ಕಿತು, ನಾನು ಕಂಡದ್ದೇನು, ನನಗೆ ಹಿಡಿಸಿದ್ದೇನು, ಕೊನೆಗೆ ಜೊತೆಯವರಿಗೊಂದು ಪ್ರಶ್ನೆ. "ಇದು ನೀಲಗಿರಿ ಮರದ ಕಾಯಿ. ಶಾಲೆಗೆ ಬರುವ ದಾರಿಯಲ್ಲಿ ಬಿದ್ದಿತ್ತು. ಇದಕ್ಕೆ ನಮ್ಮ ಅಜ್ಜಿ ಹಚ್ಚುವ ಎಣ್ಣೆಯ ವಾಸನೆ ಇದೆ. ತಲೆಯ ಮೇಲೆ ನಕ್ಷತ್ರ ಇದೆ. ಅದರೊಳಗೆ ಏನಿದೆ, ಹೇಳಿ ನೋಡೋಣ?" ಇಂತಹ ಮಾತನ್ನು ಯಾವ ಪುಸ್ತಕದಿಂದಲೂ ನಕಲು ಮಾಡಬೇಕಾಗಿಲ್ಲ. ಕೊನೆಯ ಪ್ರಶ್ನೆಯಿಂದ ಒಂದು ಉಪಕಾರವೂ ಉಂಟು. ಎಲ್ಲರ ಕಣ್ಣುಗಳೂ ಮಗುವಿನ ಮುಖವನ್ನು ಬಿಟ್ಟು ಕಾಯಿಯ ಕಡೆಗೆ ತಿರುಗುತ್ತವೆ; ಅಂಜಿಕೆ ತಾನಾಗಿಯೇ ಇಳಿಯುತ್ತದೆ.

ಅಭ್ಯಾಸಕ್ಕೆ ಮನೆಯಲ್ಲಿ ಎರಡು ಸಲ ಹೇಳಿಸಿದರೆ ಸಾಕು. ಒಮ್ಮೆ ಅಜ್ಜಿಯ ಮುಂದೆ, ಒಮ್ಮೆ ತಂದೆಯ ಮುಂದೆ. ಎರಡು ಸಲವೂ ಪದಗಳು ಬೇರೆಬೇರೆಯಾದರೆ ಸಂತೋಷಪಡಿರಿ. ಮಗು ನೆನಪಿನಿಂದ ಒಪ್ಪಿಸದೆ, ನೋಡಿ ಹೇಳುತ್ತಿದೆ ಎಂಬುದಕ್ಕೆ ಅದೇ ಗುರುತು. ಮಾತು ಮರೆತರೆ ವಸ್ತುವನ್ನು ಮತ್ತೊಮ್ಮೆ ನೋಡುವಂತೆ ಹೇಳಿರಿ.

ಭಾಷೆಯ ವಿಷಯದಲ್ಲಿ ಒಂದು ಮಾತು. ಈ ಬೆಟ್ಟದ ಮನೆಗಳಲ್ಲಿ ಕನ್ನಡವೊಂದೇ ಅಲ್ಲದೆ ಅದರ ನೆರೆಯ ನುಡಿಯಾದ ಬಡಗವೂ, ತಮಿಳೂ ಕೇಳಿಬರುತ್ತವೆ. ಮಗು ತಾನು ಕಂಡದ್ದನ್ನು ಮೊದಲು ಮನೆಮಾತಿನಲ್ಲಿಯೇ ಹೇಳಲಿ. ಕಂಡದ್ದು ಸ್ಪಷ್ಟವಾಗಿದ್ದರೆ ಶಾಲೆಯ ಮಾತು ಹಿಂಬಾಲಿಸಿ ಬರುತ್ತದೆ. ನಡುವೆ ಮನೆಯ ಪದವೊಂದು ನುಸುಳಿದರೆ ನಮ್ಮ ಉಪಾಧ್ಯಾಯರು ನಗುವುದಿಲ್ಲ. ಅದಕ್ಕೆ ಸಮನಾದ ಕನ್ನಡ ಪದವನ್ನು ಪಕ್ಕದಲ್ಲಿರಿಸುತ್ತಾರೆ. ಹೀಗೆ ತರಗತಿಗೆಲ್ಲ ಎರಡು ಪದಗಳ ಲಾಭ.

ಜೊತೆಯವರು ಕೇಳಿದ್ದಕ್ಕೆ ಉತ್ತರ ತೋರದಿದ್ದರೆ "ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಎನ್ನುವುದನ್ನು ಮಗುವಿಗೆ ಕಲಿಸಿರಿ. ಅದು ಸೋಲಲ್ಲ, ಎಲ್ಲ ವಿದ್ಯೆಯೂ ಹೊರಡುವುದು ಅಲ್ಲಿಂದಲೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡುಮೇಡು ಸುತ್ತಿದ ಪ್ರಸಂಗಗಳನ್ನು "ಹಸುರು ಹೊನ್ನು" ಗ್ರಂಥದಲ್ಲಿ ರಸವತ್ತಾಗಿ ಹೇಳಿದ್ದಾರೆ. ಗಿಡದ ಮುಂದೆ ನಿಂತು ಕಲಿಯುವ ಸುಖವೆಂತಹುದೆಂದು ಅರಿಯಬಯಸುವ ಪಾಲಕರು ಅದನ್ನು ಓದಬೇಕು.

ಪಾಠ ಮುಗಿದ ಮೇಲೆ ಕಾಯಿಯ ಪಕ್ಕದಲ್ಲಿ ಚೀಟಿಯಿಟ್ಟು, ಸಿಕ್ಕಿದ ಸ್ಥಳವನ್ನೂ ದಿನಾಂಕವನ್ನೂ ಮಗುವಿನ ಕೈಯಿಂದಲೇ ಬರೆಯಿಸಿರಿ. ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ. ಮನೆಗೆ ಬಂದ ಮಗುವನ್ನು "ಎಷ್ಟು ಚಪ್ಪಾಳೆ ಬಿತ್ತು?" ಎಂದು ಕೇಳುವ ಬದಲು "ಜೊತೆಯವರು ಏನು ತಂದಿದ್ದರು?" ಎಂದು ಕೇಳಿರಿ. ಹೇಳುವುದರಷ್ಟೇ ಕೇಳುವುದೂ ವಿದ್ಯೆಯೆಂದು ಅದರಿಂದ ಮಗುವಿಗೆ ಮನವರಿಕೆಯಾಗುತ್ತದೆ.

ನಮ್ಮ ಮಕ್ಕಳೆಲ್ಲರೂ ಶಾಸ್ತ್ರಜ್ಞರಾಗಲಾರರು, ಆಗಬೇಕೆಂದೂ ಇಲ್ಲ. ಆದರೆ ಕಂಡದ್ದನ್ನು ಕಂಡಹಾಗೆ, ಅಂಜದೆ, ಹೆಚ್ಚುಕಡಿಮೆ ಮಾಡದೆ ಹೇಳಬಲ್ಲವರಾಗಬೇಕು. ಆ ಗುಣವು ಮನೆಯ ಜಗಲಿಯಲ್ಲಿಯೇ ಮೊಳೆಯುವಂತೆ ತಂದೆತಾಯಿಗಳು ನೋಡಿಕೊಳ್ಳಲೆಂದು ಹಾರೈಸುತ್ತೇವೆ.