ಒಳಗೇ ಕುಳಿತ ಅಪ್ರಸ್ತುತ ಪ್ರಸಂಗಿ

ಅಷ್ಟಾವಧಾನವನ್ನು ನೋಡಿದವರಿಗೆ ಅಪ್ರಸ್ತುತ ಪ್ರಸಂಗಿ ಯಾರೆಂದು ಹೇಳಬೇಕಿಲ್ಲ. ಒಬ್ಬರು ಸಮಸ್ಯೆ ಕೊಟ್ಟಿರುತ್ತಾರೆ, ಇನ್ನೊಬ್ಬರು ದತ್ತಪದಿ, ಮತ್ತೊಬ್ಬರು ನಿಷೇಧಾಕ್ಷರಿಯಲ್ಲಿ ಒಂದೊಂದೇ ಅಕ್ಷರಕ್ಕೆ ಬೇಲಿ ಹಾಕುತ್ತಿರುತ್ತಾರೆ. ಇದನ್ನೆಲ್ಲ ಮನಸ್ಸಿನಲ್ಲೇ ಹಿಡಿದಿಟ್ಟುಕೊಂಡು ಅವಧಾನಿ ಪದ್ಯ ಕಟ್ಟುತ್ತಿರುವಾಗ, ಮನೆಯ ಸಾರಿನ ಮಾತನ್ನೋ ಕ್ರಿಕೆಟ್ಟಿನ ಮಾತನ್ನೋ ತೆಗೆದು ಅವರ ಏಕಾಗ್ರತೆಯನ್ನು ಕೆಡಿಸುವುದೇ ಈ ಪೃಚ್ಛಕನ ಕೆಲಸ. ಸಭೆ ಹೆಚ್ಚು ನಗುವುದೂ ಇವನಿಂದಲೇ. ಶತಾವಧಾನಿ ಆರ್. ಗಣೇಶ್ ಅವರು ಇಂಥ ಮಾತಿಗೆ ತಕ್ಕ ಉತ್ತರ ಕೊಟ್ಟು, ಏನೂ ಆಗಿಲ್ಲವೆಂಬಂತೆ ಬಿಟ್ಟ ಪಾದಕ್ಕೆ ಮರಳುವುದನ್ನು ಕನ್ನಡಿಗರು ಬೆರಗಿನಿಂದ ನೋಡಿದ್ದಾರೆ.

ಆದರೆ ಈ ಪೃಚ್ಛಕ ವೇದಿಕೆಯ ಮೇಲಲ್ಲದೆ ತಲೆಯೊಳಗೇ ಕುಳಿತಿದ್ದರೆ? ವಿದ್ಯುತ್ ಬಿಲ್ಲು ಕಟ್ಟಲು ಎದ್ದವನನ್ನು ಹಳೆಯ ಪತ್ರಿಕೆಯತ್ತ, ಪತ್ರಿಕೆಯಿಂದ ಮರೆತ ಗೆಳೆಯನತ್ತ ಅವನು ಎಳೆದೊಯ್ಯುತ್ತಾನೆ. ಸಂಜೆಯಾದರೂ ಬಿಲ್ಲು ಮೇಜಿನ ಮೇಲೆಯೇ ಇರುತ್ತದೆ. ವೈದ್ಯರು ಎಡಿಎಚ್‌ಡಿ ಎಂದು ಕರೆಯುವ ಸ್ಥಿತಿ ಸ್ಥೂಲವಾಗಿ ಹೀಗಿರುತ್ತದೆ. ಕನ್ನಡದಲ್ಲಿ ಇದನ್ನು ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನಬಹುದು. 'ಕೊರತೆ' ಎಂಬ ಮಾತು ಮಾತ್ರ ದಾರಿ ತಪ್ಪಿಸುವಂಥದು. ಮೆಚ್ಚಿದ ವಿಷಯ ಸಿಕ್ಕರೆ ಇವರು ಊಟ ನಿದ್ದೆ ಬಿಟ್ಟು ಮುಳುಗಿಬಿಡುತ್ತಾರೆ. ಗಮನ ಇದೆ, ಅದರ ಮೇಲೆ ಅಧಿಕಾರ ಇಲ್ಲ. ಈ ವಿಷಯದಲ್ಲಿ ದಶಕಗಳ ಕಾಲ ದುಡಿದ ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ಅವರ ವಾದವೂ ಇದಕ್ಕೆ ಹತ್ತಿರದ್ದು: ಇವರಿಗೆ ಏನು ಮಾಡಬೇಕೆಂಬುದು ಗೊತ್ತಿಲ್ಲವೆಂದಲ್ಲ, ಗೊತ್ತಿರುವುದನ್ನು ಹೊತ್ತಿಗೆ ಸರಿಯಾಗಿ ಮಾಡಲಾಗುವುದಿಲ್ಲ.

ಇಂಥವರಲ್ಲಿ ಕೆಲವರು ಸ್ಟ್ಯಾಂಡ್‌ಅಪ್ ಕಾಮಿಡಿಯ ವೇದಿಕೆಗೆ ಬಂದು ನಿಂತಿರುವುದು ಇತ್ತೀಚಿನ ವರ್ಷಗಳಲ್ಲಿ ಎಲ್ಲರ ಗಮನಕ್ಕೆ ಬಂದಿದೆ. ಆಸ್ಟ್ರೇಲಿಯಾದ ಹ್ಯಾನಾ ಗ್ಯಾಡ್ಸ್‌ಬಿ, ದಕ್ಷಿಣ ಆಫ್ರಿಕಾದ ಟ್ರೆವರ್ ನೋವಾ ತಮಗೆ ಈ ಸ್ಥಿತಿ ಇರುವುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಟೆಹರಾನಿನಲ್ಲಿ ಹುಟ್ಟಿ, ವಿಡಂಬನಕಾರರಾದ ತಂದೆಯ ದೇಶಭ್ರಷ್ಟತೆಯಿಂದಾಗಿ ಲಂಡನ್ನಿನಲ್ಲೇ ಬೆಳೆದ ಶಪಾರಕ್ ಖೊರ್ಸಂದಿ, ನಲವತ್ತು ದಾಟಿದ ಮೇಲೆ ತಿಳಿದುಬಂದ ಈ ಸಂಗತಿಯ ಬಗ್ಗೆ 2023ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆದರೆ ಸ್ನೇಹದ ಪ್ರಶ್ನೆಯನ್ನೂ ಸೇರಿಸಿಕೊಂಡು ನೋಡುವುದಾದರೆ ಬ್ರಿಟನ್ನಿನ ರೋರಿ ಬ್ರೆಮ್ನರ್ ಅವರ ಉದಾಹರಣೆ ಹೆಚ್ಚು ತಿಳಿಸುತ್ತದೆ.

1961ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಬ್ರೆಮ್ನರ್ ಅನುಕರಣೆಯಲ್ಲಿ ಎತ್ತಿದ ಕೈ. ಒಂದು ಕ್ಷಣ ಟೋನಿ ಬ್ಲೇರ್, ಮರುಕ್ಷಣ ಗಾರ್ಡನ್ ಬ್ರೌನ್, ಅದರ ಬೆನ್ನಿಗೇ ಜಾರ್ಜ್ ಬುಷ್. ಚಾನೆಲ್ 4 ವಾಹಿನಿಯಲ್ಲಿ 1999ರಿಂದ 2010ರವರೆಗೆ ನಡೆದ 'ಬ್ರೆಮ್ನರ್, ಬರ್ಡ್ ಅಂಡ್ ಫಾರ್ಚೂನ್' ಎಂಬ ರಾಜಕೀಯ ವಿಡಂಬನೆಯ ಕಾರ್ಯಕ್ರಮದಲ್ಲಿ ಅವರ ಜೊತೆಗಿದ್ದವರು ಇಬ್ಬರು ಹಿರಿಯರು, ಜಾನ್ ಬರ್ಡ್ ಮತ್ತು ಜಾನ್ ಫಾರ್ಚೂನ್. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ದಿನಗಳಿಂದಲೂ ಸ್ನೇಹಿತರಾಗಿದ್ದ ಇವರು, ಪೀಟರ್ ಕುಕ್ 1961ರಲ್ಲಿ ಲಂಡನ್ನಿನ ಸೋಹೋದಲ್ಲಿ ತೆರೆದ 'ಎಸ್ಟಾಬ್ಲಿಷ್‌ಮೆಂಟ್' ವಿಡಂಬನಾ ಕ್ಲಬ್ಬಿನಲ್ಲಿ ಪಳಗಿದವರು. ಎರಡು ಕುರ್ಚಿ, ಒಬ್ಬರು ಪತ್ರಕರ್ತ, ಇನ್ನೊಬ್ಬರು ಮಂತ್ರಿಯೋ ನೌಕಾಧಿಕಾರಿಯೋ ಬ್ಯಾಂಕರನೋ. ಅಷ್ಟೇ ಅವರ ಬಂಡವಾಳ. ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಉತ್ತರ ಹೇಳುವವನ ಹೆಸರು ಸಾಮಾನ್ಯವಾಗಿ ಜಾರ್ಜ್ ಪಾರ್. 2007ರಲ್ಲಿ, ಅಮೆರಿಕದ ಗೃಹಸಾಲದ ಬಿಕ್ಕಟ್ಟಿನ ಬಗ್ಗೆ ಅವರು ನಡೆಸಿಕೊಟ್ಟ ಸಂವಾದವನ್ನು ಅರ್ಥಶಾಸ್ತ್ರ ಓದದವರೂ ನೋಡಿ ವಿಷಯ ತಿಳಿದುಕೊಂಡರು.

ಕಾರ್ಯಕ್ರಮದ ರಚನೆಯನ್ನು ಗಮನಿಸಿ. ಒಂದು ಕಡೆ ನಿಂತಲ್ಲಿ ನಿಲ್ಲದ, ದನಿಯಿಂದ ದನಿಗೆ ಜಿಗಿಯುವ ಬ್ರೆಮ್ನರ್. ಇನ್ನೊಂದು ಕಡೆ ಕುರ್ಚಿ ಬಿಟ್ಟೇಳದೆ ಒಂದೇ ವಿಷಯವನ್ನು ಕೊನೆಯವರೆಗೆ ಜಗಿಯುವ ಇಬ್ಬರು ಮುದುಕರು. ತಾಳ ತಪ್ಪದ ಮೃದಂಗ ಜೊತೆಗಿದ್ದರೆ ಗಾಯಕ ಎಷ್ಟು ದೂರದ ಸಂಗತಿಗಾದರೂ ಹೋಗಿ ಸಮಕ್ಕೆ ಮರಳಬಹುದಲ್ಲವೇ? ಹಾಗೆ. ಆ ಹಿರಿಯರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರು ಎಂದು ಹೇಳುತ್ತಿಲ್ಲ. ಕೆಲವು ಸ್ನೇಹಗಳ ಉಪಕಾರ ಉದ್ದೇಶವಿಲ್ಲದೆಯೇ ಆಗುತ್ತದೆ. ಸ್ವತಃ ಬ್ರೆಮ್ನರ್‌ಗೂ ಆಗ ತಮ್ಮ ಸ್ಥಿತಿಗೆ ಹೆಸರು ಗೊತ್ತಿರಲಿಲ್ಲ. ವಯಸ್ಕರಲ್ಲೂ ಎಡಿಎಚ್‌ಡಿ ಇರುತ್ತದೆಂದು ಒಪ್ಪಿ ಬ್ರಿಟನ್ನಿನ ಅಧಿಕೃತ ಚಿಕಿತ್ಸಾ ಮಾರ್ಗಸೂಚಿ ಬಂದದ್ದೇ 2008ರಲ್ಲಿ. 2011ರಲ್ಲಿ ಬಿಬಿಸಿ ರೇಡಿಯೊಗಾಗಿ ಈ ವಿಷಯದ ಕಾರ್ಯಕ್ರಮ ಮಾಡಲು ಹೊರಟ ಬ್ರೆಮ್ನರ್, ತಾವು ಹೇಳಹೊರಟಿರುವುದು ತಮ್ಮದೇ ಕಥೆಯೆಂದು ಕಂಡುಕೊಂಡರು. ಆಗ ಅವರಿಗೆ ಐವತ್ತು. ಮೂವರ ಕಾರ್ಯಕ್ರಮ ಮುಗಿದು ಹೋಗಿತ್ತು.

2017ರಲ್ಲಿ ಬಿಬಿಸಿಯ 'ಹೊರೈಜನ್' ಸಾಕ್ಷ್ಯಚಿತ್ರಕ್ಕಾಗಿ ಅವರು ಮಿಥೈಲ್‌ಫೆನಿಡೇಟ್ ಔಷಧವನ್ನು ಮೊದಲ ಬಾರಿಗೆ ಸೇವಿಸಿ ನೋಡಿದರು. (1944ರಲ್ಲಿ ಇದನ್ನು ಸಿದ್ಧಪಡಿಸಿದ ಸ್ವಿಟ್ಜರ್ಲೆಂಡಿನ ರಸಾಯನತಜ್ಞ ಪನಿಝೋನ್, ಹೆಂಡತಿ ರೀಟಾಳ ಹೆಸರನ್ನೇ ಕೊಟ್ಟ, ರಿಟಾಲಿನ್ ಎಂಬ ಹೆಸರಿನ ಮೂಲ ಅದು.) ಈ ಔಷಧದ ಬಗ್ಗೆ ಹಾಸ್ಯಗಾರರ ಅಳುಕು ಅರ್ಥವಾಗುವಂಥದು. ಒಳಗಿನ ತುಂಟ ಪೃಚ್ಛಕನ ಬಾಯಿ ಕಟ್ಟಿದರೆ ಹಾಸ್ಯದ ಸೆಲೆಯೇ ಬತ್ತಿಬಿಟ್ಟರೆ? ಬ್ರೆಮ್ನರ್ ತಮ್ಮ ಸ್ಥಿತಿಯನ್ನು ಪರಮ ಮಿತ್ರನೆಂದೂ ಪರಮ ಶತ್ರುವೆಂದೂ ಒಟ್ಟಿಗೇ ಕರೆದಿರುವುದರ ಹಿಂದೆ ಈ ದ್ವಂದ್ವವಿದೆ.

ಈ ದ್ವಂದ್ವದ ಒಂದು ಅರ್ಧವನ್ನು ಮಾತ್ರ ಎತ್ತಿಕೊಂಡು, ಎಡಿಎಚ್‌ಡಿ ಎಂಬುದು ಪ್ರತಿಭೆಯ ಇನ್ನೊಂದು ಹೆಸರು, ದೈವದತ್ತ ವರ ಎಂದು ಸಾರುವ ಮಾತು ಈಗ ಹೆಚ್ಚಾಗಿ ಕೇಳಿಬರುತ್ತಿದೆ. ಇದನ್ನು ಒಪ್ಪಲಾಗದು. ಡೆನ್ಮಾರ್ಕಿನ ಸುಮಾರು 19 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಸ್ಥಿತಿಯವರಲ್ಲಿ ಅಕಾಲ ಮರಣದ ಪ್ರಮಾಣ ಉಳಿದವರಿಗಿಂತ ಹೆಚ್ಚು. ಅದಕ್ಕೆ ಮುಖ್ಯ ಕಾರಣ ಅಪಘಾತಗಳು. ವಯಸ್ಕರಾದ ಮೇಲೆ ಪತ್ತೆಯಾದವರಲ್ಲಂತೂ ಇನ್ನೂ ಹೆಚ್ಚು. ವೇದಿಕೆಯ ಮೇಲೆ ನಗಿಸಿ ಗೆದ್ದವರು ನಮಗೆ ಕಾಣುತ್ತಾರೆ. ನಾಲ್ಕನೆಯ ಕೆಲಸವನ್ನೂ ಕಳೆದುಕೊಂಡು, 'ಬೇಜವಾಬ್ದಾರಿ' ಎಂಬ ಬಿರುದು ಹೊತ್ತು ಮನೆಯಲ್ಲಿ ಕುಳಿತವನು ಕಾಣುವುದಿಲ್ಲ.

ವೇದಿಕೆ ಇವರಲ್ಲಿ ಕೆಲವರಿಗೆ ಒಗ್ಗುವುದಕ್ಕೆ ಕಾರಣವನ್ನು ಪ್ರತಿಭೆಗಿಂತ ಆ ಕಸುಬಿನ ಕಟ್ಟುಪಾಡಿನಲ್ಲಿ ಹುಡುಕುವುದು ಲೇಸು. ಹೊಸಬನಿಗೆ ಸಿಗುವುದು ಐದು ನಿಮಿಷ. ಅವಧಿ ಮುಗಿಯುತ್ತ ಬಂದಾಗ ಸಭಾಂಗಣದ ಹಿಂಬದಿಯಲ್ಲಿ ದೀಪವೊಂದು ಹೊತ್ತಿ ಎಚ್ಚರಿಸುತ್ತದೆ. ಹೊತ್ತು ಸರಿಯುವುದೇ ತಿಳಿಯದವನಿಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಬೇರೆ ಇಲ್ಲ. ಮಾತು ಸೊಗಸಾಗಿತ್ತೇ ಎಂಬ ತೀರ್ಪಿಗೆ ವರ್ಷಾಂತ್ಯದ ವರದಿಯವರೆಗೆ ಕಾಯಬೇಕಿಲ್ಲ. ನಗು ಬಂತು, ಇಲ್ಲವೇ ಬರಲಿಲ್ಲ. ಇನ್ನು ಗೆಳೆಯರು. ಲಂಡನ್ನಿನಲ್ಲಾಗಲಿ, ಕನ್ನಡದ ಲೋಲ್‌ಬಾಗ್ ತಂಡದಂಥವರು ಪ್ರದರ್ಶನ ಕೊಡುವ ನಮ್ಮ ಬೆಂಗಳೂರಿನಲ್ಲಾಗಲಿ, ಸ್ಟ್ಯಾಂಡ್‌ಅಪ್ ಹೊರನೋಟಕ್ಕೆ ಒಂಟಿ ಕಲೆ, ಒಳಗೆ ಸಂಘಜೀವನ. ನಾಲ್ವರು ಒಂದೇ ಕಾರಿನಲ್ಲಿ ದೂರದ ಊರಿಗೆ ಹೋಗುತ್ತಾರೆ. ಒಬ್ಬನ ಜೋಕಿಗೆ ಇನ್ನೊಬ್ಬ ಬಾಲಂಗೋಚಿ ಕಟ್ಟುತ್ತಾನೆ. 'ಎಂಟಕ್ಕೆ ನಿನ್ನ ಸರದಿ, ಎಲ್ಲಿದ್ದೀಯ ಮಾರಾಯ?' ಎಂದು ಫೋನ್ ಮಾಡುವವನೊಬ್ಬ ಇದ್ದೇ ಇರುತ್ತಾನೆ. ತಡವಾಗಿ ಬರುವುದು, ಮಾತಿನ ನಡುವೆ ಬಾಯಿ ಹಾಕುವುದು, ಹೇಳಿದ್ದನ್ನೇ ಮತ್ತೆ ಹೇಳುವುದು ಕಚೇರಿಯಲ್ಲಿ ಶಿಸ್ತುಕ್ರಮಕ್ಕೆ ದಾರಿ. ಇಲ್ಲಿ ಅದೇ ಮುಂದಿನ ವಾರದ ಸರಕು.

ಆದರೆ ಹಾಸ್ಯಗಾರರ ಸ್ನೇಹಕ್ಕೆ ಒಂದು ಅಪಾಯವೂ ಇದೆ. ಗೆಳೆಯನ ಮರೆವು ಎಲ್ಲರಿಗೂ ತಮಾಷೆಯಾಗಿಬಿಟ್ಟರೆ, ಅದು ಅವನಿಗೆ ನೋವಾಗಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ತನ್ನನ್ನು ತಾನೇ ಹಾಸ್ಯ ಮಾಡಿಕೊಂಡು ಬೇರೆಯವರ ಟೀಕೆಯಿಂದ ತಪ್ಪಿಸಿಕೊಳ್ಳುವ ವಿದ್ಯೆಯನ್ನು ಇಂಥವರು ಶಾಲೆಯಲ್ಲೇ ಕಲಿತಿರುತ್ತಾರೆ.

ನಮ್ಮಲ್ಲಿ ಸ್ಥಿತಿ ಇನ್ನೂ ಕಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಆಟಿಸಂ ಇದೆ, ಕಲಿಕೆಯ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಔಷಧ ಕಠಿಣ ನಿಯಂತ್ರಣದಲ್ಲಿರುವುದರಿಂದ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ವಯಸ್ಕರಲ್ಲಿ ಇದನ್ನು ಪತ್ತೆಹಚ್ಚುವ ಕ್ರಮವೂ ಸರಳವಲ್ಲ. ಬಹುತೇಕ ವೈದ್ಯರು ಅನುಸರಿಸುವ ಅಮೆರಿಕದ ಮಾನದಂಡದಂತೆ, ಹದಿನೇಳು ದಾಟಿದವರಲ್ಲಿ ಒಂದು ಗುಂಪಿನ ಕನಿಷ್ಠ ಐದು ಲಕ್ಷಣಗಳಿರಬೇಕು, ಅವುಗಳಲ್ಲಿ ಹಲವು 12 ವರ್ಷಕ್ಕೆ ಮುನ್ನವೇ ಕಾಣಿಸಿಕೊಂಡಿರಬೇಕು. ಹಾಗಾಗಿ ವೈದ್ಯರು ಹಳೆಯ ಅಂಕಪಟ್ಟಿ ಕೇಳುತ್ತಾರೆ. 'ಜಾಣ, ಆದರೆ ಗಮನವಿಲ್ಲ' ಎಂದು ಮೇಷ್ಟರು ಬರೆದ ಷರಾ ಅಲ್ಲಿ ಸಾಕ್ಷ್ಯವಾಗುತ್ತದೆ. ರೋಗಿಯ ಮಾತೊಂದನ್ನೇ ನಂಬದೆ, ಅವನನ್ನು ಬಹುಕಾಲದಿಂದ ಬಲ್ಲ ಮತ್ತೊಬ್ಬರನ್ನು ಕರೆತರಲು ಹೇಳುತ್ತಾರೆ. ತಾಯಿಯೋ ಹೆಂಡತಿಯೋ ಬರುವುದು ರೂಢಿ. ಅವರಿಲ್ಲದವರ ಜೊತೆ ಗೆಳೆಯನೊಬ್ಬ ಬಂದು ಕೂರುತ್ತಾನೆ, ಇಷ್ಟು ವರ್ಷ ನಕ್ಕು ಹೇಳುತ್ತಿದ್ದ ಕಥೆಗಳನ್ನೇ ಈಗ ನಗದೆ, ತಾರೀಖಿನ ಸಮೇತ ಹೇಳಲು.